ಒಂದು ಸಂಗತಿಗೆ ಒಂದೇ ಜಾಗ: ಗಣಕದ ವಹಿಗೆ ಶಿಸ್ತು ಬಂದ ಕಥೆ

ಪಡಿತರ ಚೀಟಿಯಲ್ಲಿ ಒಂದು ಹೆಸರು, ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಇನ್ನೊಂದು, ಪಹಣಿಯಲ್ಲಿ ಮತ್ತೊಂದು. ಮೂರೂ ಒಬ್ಬರದೇ. ಇಂಥ ಗೊಂದಲದಿಂದ ಕಚೇರಿ ಕಚೇರಿ ಅಲೆದವರು ನಮ್ಮಲ್ಲಿ ಪ್ರತಿ ಊರಿನಲ್ಲೂ ಸಿಗುತ್ತಾರೆ. ಯಾವುದು ಸರಿ ಎಂದು ಕೇಳಿದರೆ ಗುಮಾಸ್ತರು ಉತ್ತರ ಹೇಳಲಾರರು. ಏಕೆಂದರೆ ಪ್ರತಿಯೊಂದು ವಹಿಯೂ ತನ್ನ ಮಟ್ಟಿಗೆ ಸಾಚಾ. ಕೊನೆಗೆ ಅಫಿಡವಿಟ್ ಮಾಡಿಸಿ ತರಬೇಕಾದವರು ಕೌಂಟರಿನ ಈಚೆ ನಿಂತವರೇ.

ಒಂದೇ ಸಂಗತಿಯನ್ನು ನಾಲ್ಕು ಕಡೆ ಬರೆದಿಟ್ಟರೆ, ಆ ನಾಲ್ಕು ಒಂದಲ್ಲ ಒಂದು ದಿನ ತಮ್ಮ ತಮ್ಮಲ್ಲೇ ಜಗಳವಾಡುತ್ತವೆ. ಲೆಕ್ಕ ಬರೆದು ಕೈ ಸವೆಸಿಕೊಂಡ ಹಳೆಯ ಶಾನುಭೋಗರಿಗೂ ಈ ಮಾತು ಗೊತ್ತಿತ್ತು. ಆದರೆ ಅನುಭವದ ಈ ಮಾತಿಗೆ ಗಣಿತದ ಚೌಕಟ್ಟು ಹಾಕಿ, ಯಾರು ಬೇಕಾದರೂ ಕಲಿತು ಅನುಸರಿಸಬಹುದಾದ ನಿಯಮಗಳನ್ನಾಗಿ ಮಾಡಿದ್ದು 1970ರ ದಶಕದಲ್ಲಿ. ಆ ನಿಯಮಗಳಿಗೆ 'ನಾರ್ಮಲೈಸೇಶನ್' ಎಂದು ಹೆಸರು. ಗಣಕ ವಿಜ್ಞಾನದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಉರು ಹೊಡೆದು ಮರುದಿನ ಮರೆಯುವ ಪಾಠಗಳಲ್ಲಿ ಇದೂ ಒಂದು. ಆದರೆ ಬ್ಯಾಂಕಿನ ಖಾತೆ, ರೈಲ್ವೆ ಟಿಕೆಟ್ಟು, ಜಮೀನಿನ ದಾಖಲೆ ಎಲ್ಲವೂ ಗಣಕದ ಕೋಷ್ಟಕಗಳಲ್ಲಿ ಕೂತಿರುವ ಕಾಲದಲ್ಲಿ ಇದು ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ ವಿಷಯವಲ್ಲ.

ಮರದ ಕೊಂಬೆಯಲ್ಲಿ ಮಾಹಿತಿ

ಕಥೆ ಶುರುವಾಗುವುದು ಚಂದ್ರಯಾನದ ದಿನಗಳಲ್ಲಿ. ಮನುಷ್ಯನನ್ನು ಚಂದ್ರನ ಮೇಲೆ ಇಳಿಸುವ ಅಮೆರಿಕದ ಅಪೋಲೊ ಯೋಜನೆಗೆ ಲಕ್ಷಾಂತರ ಬಿಡಿಭಾಗಗಳು ಬೇಕಿದ್ದವು. ಯಾವ ಭಾಗ ಯಾವ ಭಾಗದೊಳಗೆ ಕೂರುತ್ತದೆ ಎಂಬ ಪಟ್ಟಿಯನ್ನು ಕೈಯಲ್ಲಿ ಬರೆದಿಡುವುದು ಆಗದ ಮಾತು. ಹೀಗಾಗಿ ಐಬಿಎಂ ಕಂಪನಿಯು ಅಪೋಲೊ ನೌಕೆ ತಯಾರಿಸುತ್ತಿದ್ದ ರಾಕ್‌ವೆಲ್ ಹಾಗೂ ದೊಡ್ಡ ಯಂತ್ರಗಳ ತಯಾರಕ ಕ್ಯಾಟರ್‌ಪಿಲ್ಲರ್ ಕಂಪನಿಗಳ ಜೊತೆ ಸೇರಿ 1966ರಿಂದ ಒಂದು ವ್ಯವಸ್ಥೆ ರೂಪಿಸಿತು. 1968ರಲ್ಲಿ ಕೆಲಸ ಆರಂಭಿಸಿದ ಅದು ಮುಂದೆ ಐಎಂಎಸ್ ಎಂದು ಪ್ರಸಿದ್ಧವಾಯಿತು.

ಅದರಲ್ಲಿ ಮಾಹಿತಿ ಮರದ ಹಾಗೆ ಹರಡಿಕೊಂಡಿತ್ತು. ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ, ರೆಂಬೆಯಿಂದ ಎಲೆ. ಇಂಜಿನ್ನಿನೊಳಗೆ ಪಂಪು, ಪಂಪಿನೊಳಗೆ ಕವಾಟ, ಕವಾಟದೊಳಗೆ ತಿರುಪು. ಯಂತ್ರದ ಭಾಗಗಳನ್ನು ವಿವರಿಸಲು ಇದು ಹೇಳಿ ಮಾಡಿಸಿದ ಕ್ರಮ. ಆದರೆ ಲೋಕವೆಲ್ಲ ಮರದ ಆಕಾರದಲ್ಲಿಲ್ಲ. ಒಂದೇ ಬಗೆಯ ತಿರುಪು ಐವತ್ತು ಕಡೆ ಬಳಕೆಯಾದರೆ ಅದನ್ನು ಯಾವ ಕೊಂಬೆಗೆ ನೇತುಹಾಕುವುದು? ಎಲ್ಲ ಕೊಂಬೆಗೂ ಹಾಕಿದರೆ ಬೆಲೆ ಬದಲಾದಾಗ ಐವತ್ತೂ ಕಡೆ ತಿದ್ದಬೇಕು. ಯಾವ ತಿರುಪು ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಕೇಳಿದರೆ ಮರವನ್ನು ತಲೆಕೆಳಗು ಹತ್ತಬೇಕು. ಅಷ್ಟೇ ಅಲ್ಲ, ಮಾಹಿತಿ ಯಾವ ದಾರಿಯಲ್ಲಿದೆ ಎಂಬುದನ್ನು ಪ್ರೋಗ್ರಾಂ ಬರೆಯುವವರು ಮೊದಲೇ ಅರಿತಿರಬೇಕಿತ್ತು. ದಾರಿ ಬದಲಿಸಿದರೆ ಹಳೆಯ ಪ್ರೋಗ್ರಾಂಗಳು ಕೆಟ್ಟು ಕೂರುತ್ತಿದ್ದವು.

ವಿಮಾನ ಬಿಟ್ಟು ಗಣಿತಕ್ಕೆ

ಇದನ್ನು ಕಂಡು ಕಸಿವಿಸಿಗೊಂಡವರು ಎಡ್ಗರ್ ಎಫ್. ಕಾಡ್. 1923ರ ಆಗಸ್ಟ್ 19ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲೆಂಡಿನಲ್ಲಿ ಹುಟ್ಟಿದ ಕಾಡ್, ಆಕ್ಸ್‌ಫರ್ಡಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದವರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದರು. 1948ರಲ್ಲಿ ನ್ಯೂಯಾರ್ಕಿಗೆ ಹೋಗಿ ಐಬಿಎಂ ಸೇರಿದರು. ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ಜನರನ್ನು ಬೇಟೆಯಾಡುತ್ತಿದ್ದ ಸೆನೆಟರ್ ಮೆಕಾರ್ಥಿಯವರ ಅಬ್ಬರಕ್ಕೆ ಬೇಸತ್ತು 1953ರಲ್ಲಿ ಕೆನಡಾಕ್ಕೆ ತೆರಳಿ, ಕೆಲ ವರ್ಷಗಳ ನಂತರ ಮರಳಿ ಬಂದರು. ನಲವತ್ತು ದಾಟಿದ ಮೇಲೆ, 1965ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಬಳಿಕ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದ ಐಬಿಎಂ ಸಂಶೋಧನಾಲಯ ಅವರ ಕಾರ್ಯಕ್ಷೇತ್ರವಾಯಿತು.

1969ರಲ್ಲಿ ಕಂಪನಿಯ ಒಳಗೆ ಮಾತ್ರ ಹಂಚಿದ ಒಂದು ವರದಿಯಲ್ಲಿ, ಮರುವರ್ಷ ಜೂನ್ ತಿಂಗಳಲ್ಲಿ ಅಮೆರಿಕದ ಗಣಕ ವಿಜ್ಞಾನಿಗಳ ಸಂಘವಾದ ಎಸಿಎಂನ ಪತ್ರಿಕೆಯಲ್ಲಿ ಪ್ರಕಟವಾದ 11 ಪುಟಗಳ ಲೇಖನದಲ್ಲಿ ಕಾಡ್ ತಮ್ಮ ವಾದವನ್ನು ಮುಂದಿಟ್ಟರು. ಅದರ ತಿರುಳು ಇಷ್ಟೇ: ಮರ ಬೇಡ, ದಾರಿ ಬೇಡ. ಎಲ್ಲವನ್ನೂ ಸರಳವಾದ ಕೋಷ್ಟಕಗಳಲ್ಲಿ ಬರೆಯೋಣ. ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ನಡುವೆ ಗುಟ್ಟಿನ ಕೊಂಡಿಗಳು ಬೇಡ. ಎರಡರಲ್ಲೂ ಇರುವ ಒಂದೇ ಮೌಲ್ಯ, ಉದಾಹರಣೆಗೆ ಒಂದೇ ಗಿರಾಕಿ ಸಂಖ್ಯೆ, ಅವನ್ನು ಬೆಸೆಯಲಿ. ಮಾಹಿತಿ ಯಂತ್ರದೊಳಗೆ ಎಲ್ಲಿ ಹೇಗೆ ಕೂತಿದೆ ಎಂಬ ಚಿಂತೆ ಬಳಸುವವರಿಗೆ ಬೇಡ. ಇಂಥ ಕೋಷ್ಟಕಕ್ಕೆ ಗಣಿತದಲ್ಲಿ 'ರಿಲೇಶನ್' ಅಂದರೆ 'ಸಂಬಂಧ' ಎಂದು ಹೆಸರು. ಅದರಿಂದಲೇ ಈ ಮಾದರಿ 'ರಿಲೇಶನಲ್' ಆಯಿತು.

ಆದರೆ ಕೋಷ್ಟಕದಲ್ಲಿ ಬರೆದ ಮಾತ್ರಕ್ಕೆ ಗೊಂದಲ ತಪ್ಪುವುದಿಲ್ಲ. ಯಾವ ಸಂಗತಿ ಯಾವ ಕೋಷ್ಟಕಕ್ಕೆ ಸೇರಬೇಕು ಎಂಬುದನ್ನು ತೀರ್ಮಾನಿಸುವ ಕ್ರಮ ಬೇಕು. ಆ ಕ್ರಮವೇ ನಾರ್ಮಲೈಸೇಶನ್. ಮೊದಲ ಮೆಟ್ಟಿಲು 1970ರ ಲೇಖನದಲ್ಲೇ ಇತ್ತು. ಎರಡು ಮತ್ತು ಮೂರನೆಯ ಮೆಟ್ಟಿಲುಗಳನ್ನು ಕಾಡ್ 1971ರಲ್ಲಿ ನ್ಯೂಯಾರ್ಕಿನ ವಿಚಾರ ಸಂಕಿರಣವೊಂದರಲ್ಲಿ ವಿವರಿಸಿದರು.

ಪುಸ್ತಕ ಮಳಿಗೆಯ ವಹಿ

ಈ ಮೆಟ್ಟಿಲುಗಳನ್ನು ಹತ್ತುವುದಕ್ಕೆ ನಮ್ಮದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಚೆಯ ಮೂಲಕ ನಾಡಿನ ಮೂಲೆ ಮೂಲೆಗೆ ಪುಸ್ತಕ ಕಳಿಸುವ ಒಂದು ಮಳಿಗೆ ಇದೆ ಎಂದಿಟ್ಟುಕೊಳ್ಳಿ. ಅಲ್ಲಿ ಇರುವುದು ಒಂದೇ ದೊಡ್ಡ ವಹಿ. ಆರ್ಡರ್ ಸಂಖ್ಯೆ, ದಿನಾಂಕ, ಗಿರಾಕಿ ಸಂಖ್ಯೆ, ಗಿರಾಕಿಯ ಹೆಸರು, ತಾಲ್ಲೂಕು, ಜಿಲ್ಲೆ, ತರಿಸಿದ ಪುಸ್ತಕಗಳು ಎಲ್ಲವೂ ಅದರಲ್ಲೇ.

ಈ ವಹಿಯಲ್ಲಿ ಮೂರು ಬಗೆಯ ತೊಂದರೆ ಅಡಗಿದೆ. ಮೊದಲನೆಯದು ತಿದ್ದುವ ತೊಂದರೆ. ಇಪ್ಪತ್ತು ಸಲ ಪುಸ್ತಕ ತರಿಸಿದ ಗಿರಾಕಿ ಬೇರೆ ಊರಿಗೆ ಹೋದರೆ ಇಪ್ಪತ್ತು ಕಡೆ ತಿದ್ದಬೇಕು; ಒಂದು ಕಡೆ ಮರೆತರೂ ಒಬ್ಬರಿಗೆ ಎರಡು ವಿಳಾಸ. ಎರಡನೆಯದು ಸೇರಿಸುವ ತೊಂದರೆ. ಹೊಸ ಪುಸ್ತಕ ಬಂದಿದೆ, ಇನ್ನೂ ಯಾರೂ ತರಿಸಿಲ್ಲ. ಆರ್ಡರ್ ಇಲ್ಲದೆ ಅದನ್ನು ಬರೆಯಲು ವಹಿಯಲ್ಲಿ ಜಾಗವೇ ಇಲ್ಲ. ಮೂರನೆಯದು ಅಳಿಸುವ ತೊಂದರೆ. ಒಂದೇ ಒಂದು ಸಲ ಪುಸ್ತಕ ತರಿಸಿದ ಗಿರಾಕಿ ಆರ್ಡರ್ ರದ್ದು ಮಾಡಿದರು ಎಂದು ಆ ಸಾಲನ್ನು ಹೊಡೆದುಹಾಕಿದರೆ, ಅವರ ವಿಳಾಸವೂ ಅದರೊಂದಿಗೆ ಹೋಯಿತು. ಈ ಮೂರರಿಂದ ಬಿಡುಗಡೆ ಪಡೆಯುವುದೇ ನಾರ್ಮಲೈಸೇಶನ್ನಿನ ಗುರಿ.

ಮೊದಲ ಮೆಟ್ಟಿಲು: ಒಂದು ಮನೆಯಲ್ಲಿ ಒಂದೇ ಮೌಲ್ಯ. ಒಬ್ಬರು ಮೂರು ಪುಸ್ತಕ ತರಿಸಿದ್ದರೆ 'ಪುಸ್ತಕಗಳು' ಎಂಬ ಒಂದೇ ಮನೆಯಲ್ಲಿ ಮೂರನ್ನೂ ಅಲ್ಪವಿರಾಮ ಹಾಕಿ ತುರುಕುವಂತಿಲ್ಲ. ಪ್ರತಿ ಪುಸ್ತಕಕ್ಕೂ ಒಂದೊಂದು ಸಾಲು ಬೇಕು. ಈಗ ಒಂದು ಸಾಲನ್ನು ಖಚಿತವಾಗಿ ಗುರುತಿಸಲು ಆರ್ಡರ್ ಸಂಖ್ಯೆಯೊಂದೇ ಸಾಲದು, ಪುಸ್ತಕ ಸಂಖ್ಯೆಯೂ ಬೇಕು. ಸಾಲನ್ನು ಹೀಗೆ ಗುರುತಿಸುವ ಸಂಖ್ಯೆ ಅಥವಾ ಸಂಖ್ಯೆಗಳ ಜೋಡಿಗೆ 'ಕೀ' ಎನ್ನುತ್ತಾರೆ. ಆ ಸಾಲಿನ ಬೀಗದ ಕೈ ಎಂದರೂ ಸರಿಯೇ.

ಎರಡನೆಯ ಮೆಟ್ಟಿಲು: ಸಾಲಿನಲ್ಲಿ ಇರುವ ಮಿಕ್ಕ ಸಂಗತಿಗಳು ಇಡೀ ಕೀಯನ್ನು ಅವಲಂಬಿಸಿರಬೇಕು, ಅದರ ಅರ್ಧವನ್ನಲ್ಲ. ಪುಸ್ತಕದ ಹೆಸರು ತಿಳಿಯಲು ಪುಸ್ತಕ ಸಂಖ್ಯೆ ಸಾಕು, ಆರ್ಡರ್ ಸಂಖ್ಯೆ ಬೇಕಿಲ್ಲ. ಹಾಗಾದರೆ ಅದು ಇಲ್ಲಿ ಇರಬೇಕಾದ್ದಲ್ಲ. ಪುಸ್ತಕಗಳದ್ದೇ ಬೇರೆ ಕೋಷ್ಟಕ ಆಗಲಿ. ದಿನಾಂಕ ಮತ್ತು ಗಿರಾಕಿಯ ವಿವರ ತಿಳಿಯಲು ಆರ್ಡರ್ ಸಂಖ್ಯೆಯೊಂದೇ ಸಾಕು. ಅವು ಆರ್ಡರುಗಳ ಕೋಷ್ಟಕಕ್ಕೆ ಹೋಗಲಿ. ಯಾವ ಆರ್ಡರಿನಲ್ಲಿ ಯಾವ ಪುಸ್ತಕದ ಎಷ್ಟು ಪ್ರತಿ ಎಂಬುದಕ್ಕೆ ಮಾತ್ರ ಎರಡೂ ಬೇಕು. ಅದಷ್ಟೇ ಇಲ್ಲಿ ಉಳಿಯಲಿ. ಈಗ ಯಾರೂ ತರಿಸದ ಹೊಸ ಪುಸ್ತಕಕ್ಕೂ ಬರೆಯಲು ಜಾಗ ಸಿಕ್ಕಿತು.

ಮೂರನೆಯ ಮೆಟ್ಟಿಲು: ಕೀಯನ್ನು ಬಿಟ್ಟು ಬೇರೊಂದು ಸಂಗತಿಯ ಹೆಗಲ ಮೇಲೆ ಕೂತಿರುವ ಸಂಗತಿ ಇರಬಾರದು. ಆರ್ಡರುಗಳ ಕೋಷ್ಟಕದಲ್ಲಿ ಗಿರಾಕಿಯ ಹೆಸರು ಇದೆ. ಅದು ನಿಜವಾಗಿ ಆರ್ಡರಿಗೆ ಸೇರಿದ್ದಲ್ಲ, ಗಿರಾಕಿ ಸಂಖ್ಯೆಗೆ ಸೇರಿದ್ದು. ಆದ್ದರಿಂದ ಗಿರಾಕಿಗಳದ್ದು ಬೇರೆ ಕೋಷ್ಟಕ. ಅಲ್ಲಿಯೂ ಕೆಲಸ ಮುಗಿಯಲಿಲ್ಲ. ಗಿರಾಕಿ ಯಾವ ತಾಲ್ಲೂಕಿನವರು ಎಂದು ತಿಳಿದರೆ ಜಿಲ್ಲೆ ತಾನಾಗಿಯೇ ತಿಳಿಯುತ್ತದೆ. ಅಂದಮೇಲೆ ಜಿಲ್ಲೆಯನ್ನು ಪ್ರತಿ ಗಿರಾಕಿಯ ಮುಂದೆ ಬರೆಯುವುದು ಏಕೆ? ತಾಲ್ಲೂಕು ಮತ್ತು ಜಿಲ್ಲೆಯ ಒಂದು ಪುಟ್ಟ ಕೋಷ್ಟಕ ಸಾಕು.

ಇದು ಅತಿಯಾಯಿತು ಎನ್ನಿಸಬಹುದು. ಆದರೆ 1997ನ್ನು ನೆನಪಿಸಿಕೊಳ್ಳಿ. ಆ ವರ್ಷ ಕರ್ನಾಟಕದಲ್ಲಿ 7 ಹೊಸ ಜಿಲ್ಲೆಗಳು ಹುಟ್ಟಿದವು. ದಕ್ಷಿಣ ಕನ್ನಡದಲ್ಲಿದ್ದ ಉಡುಪಿ, ಕಾರ್ಕಳ, ಕುಂದಾಪುರ ತಾಲ್ಲೂಕುಗಳು ಸೇರಿ ಉಡುಪಿ ಜಿಲ್ಲೆ ಆಯಿತು. ಹಳೆಯ ಒಂದೇ ವಹಿಯ ಪದ್ಧತಿಯಲ್ಲಿ ಈ ಮೂರು ತಾಲ್ಲೂಕುಗಳ ಪ್ರತಿ ಗಿರಾಕಿಯ, ಪ್ರತಿ ಆರ್ಡರಿನ ಸಾಲನ್ನೂ ಹುಡುಕಿ ತಿದ್ದಬೇಕು. ಮೂರನೆಯ ಮೆಟ್ಟಿಲು ಹತ್ತಿದ ಮಳಿಗೆಯಲ್ಲಿ ತಿದ್ದಬೇಕಾದ್ದು ಮೂರೇ ಮೂರು ಸಾಲು. ತಾಲ್ಲೂಕಿನ ಗುಮಾಸ್ತರಿಗೆ ಉಳಿಯುವ ಶ್ರಮಕ್ಕಿಂತ, ಅರ್ಧ ತಿದ್ದಿ ಅರ್ಧ ಬಿಟ್ಟ ವಹಿಯಿಂದ ಆಗುವ ಅನಾಹುತ ತಪ್ಪುವುದೇ ಇದರಲ್ಲಿ ದೊಡ್ಡ ಲಾಭ.

ಎಲ್ಲ ಪುನರುಕ್ತಿಯೂ ಪುನರುಕ್ತಿಯಲ್ಲ

ಹೊಸದಾಗಿ ಕಲಿಯುವವರು ಮುಗ್ಗರಿಸುವ ಜಾಗ ಒಂದಿದೆ. ಪುಸ್ತಕದ ಬೆಲೆ ಪುಸ್ತಕಗಳ ಕೋಷ್ಟಕದಲ್ಲಿ ಇದೆ. ಅದನ್ನು ಮಾರಾಟದ ಸಾಲಿನಲ್ಲಿ ಮತ್ತೆ ಬರೆಯುವುದು ಪುನರುಕ್ತಿ ಎಂದು ಉತ್ಸಾಹದಿಂದ ತೆಗೆದುಹಾಕಿದರೆ ಏನಾಗುತ್ತದೆ? ಕಳೆದ ವರ್ಷ 60 ರೂಪಾಯಿಗೆ ಮಾರಿದ ಪುಸ್ತಕದ ಬೆಲೆ ಈ ವರ್ಷ 75 ರೂಪಾಯಿ ಆಯಿತು. ಬೆಲೆ ತಿದ್ದಿದ ಕೂಡಲೇ ಕಳೆದ ವರ್ಷದ ಬಿಲ್ಲುಗಳೆಲ್ಲ 75 ರೂಪಾಯಿ ತೋರಿಸತೊಡಗುತ್ತವೆ. ಲೆಕ್ಕ ಸುಳ್ಳಾಯಿತು.

ಇಲ್ಲಿರುವುದು ಎರಡು ಬೇರೆ ಬೇರೆ ಸಂಗತಿಗಳು. 'ಈ ಪುಸ್ತಕದ ಈಗಿನ ಬೆಲೆ' ಎಂಬುದು ಪುಸ್ತಕಕ್ಕೆ ಸೇರಿದ್ದು. 'ಆ ದಿನ ಕೊಟ್ಟ ಬೆಲೆ' ಎಂಬುದು ಆ ಮಾರಾಟಕ್ಕೆ ಸೇರಿದ್ದು. ಅಂಕಿ ಒಂದೇ ಆಗಿರಬಹುದು, ಅರ್ಥ ಒಂದೇ ಅಲ್ಲ. ಆದ್ದರಿಂದ ನಾರ್ಮಲೈಸೇಶನ್ ಕಲಿಯುವುದೆಂದರೆ ಕೋಷ್ಟಕವನ್ನು ಕತ್ತರಿಸುವ ಕೈಚಳಕ ಕಲಿಯುವುದಲ್ಲ. ಯಾವ ಸಂಗತಿ ಯಾವುದನ್ನು ಅವಲಂಬಿಸಿದೆ ಎಂದು ಕೇಳುವುದನ್ನು ಕಲಿಯುವುದು. ಈ ಪ್ರಶ್ನೆಗೆ ಉತ್ತರ ಯಂತ್ರದಲ್ಲಿ ಸಿಗುವುದಿಲ್ಲ. ಮಳಿಗೆಯ ವ್ಯವಹಾರ ಬಲ್ಲವರನ್ನು ಕೂರಿಸಿಕೊಂಡು ಕೇಳಬೇಕು.

ಮೂರರ ನಂತರವೂ ಮೆಟ್ಟಿಲುಗಳಿವೆ. ಮೂರನೆಯ ನಿಯಮದಲ್ಲಿ ಉಳಿದಿದ್ದ ಸಂದೊಂದನ್ನು ಮುಚ್ಚಿದ, ಇನ್ನಷ್ಟು ಬಿಗಿಯಾದ ರೂಪ 1974ರಲ್ಲಿ ಬಂತು. ಅದಕ್ಕೆ ಕಾಡ್ ಅವರ ಜೊತೆಗೆ ತರುಣ ಸಂಶೋಧಕ ರೇಮಂಡ್ ಬಾಯ್ಸ್ ಅವರ ಹೆಸರೂ ಅಂಟಿಕೊಂಡಿದೆ. ಅದೇ ವರ್ಷ ಬಾಯ್ಸ್ ಮೆದುಳಿನ ರಕ್ತನಾಳದ ತೊಂದರೆಯಿಂದ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ನಾಲ್ಕನೆಯ ಮೆಟ್ಟಿಲನ್ನು 1977ರಲ್ಲಿ, ಐದನೆಯದನ್ನು 1979ರಲ್ಲಿ ರೊನಾಲ್ಡ್ ಫೇಗಿನ್ ಕಟ್ಟಿದರು. ನಾಲ್ಕನೆಯದರ ಸಾರ ಸರಳ: ಒಬ್ಬ ಗಿರಾಕಿಗೆ ಮೂರು ವಿಷಯಗಳಲ್ಲಿ ಆಸಕ್ತಿ, ಅವರು ಓದಬಲ್ಲ ಭಾಷೆಗಳು ಎರಡು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಪಟ್ಟಿಗಳನ್ನು ಒಂದೇ ಕೋಷ್ಟಕದಲ್ಲಿ ಹೆಣೆದರೆ ಸುಮ್ಮನೆ ಆರು ಸಾಲುಗಳಾಗುತ್ತವೆ. ಬೇರೆ ಬೇರೆ ಇಟ್ಟರೆ ಮೂರು ಮತ್ತು ಎರಡು ಸಾಲುಗಳಲ್ಲಿ ಮುಗಿಯುತ್ತದೆ. ದಿನನಿತ್ಯದ ಬಹುಪಾಲು ಕೆಲಸಕ್ಕೆ ಮೂರನೆಯ ಮೆಟ್ಟಿಲೇ ಸಾಕು ಎಂಬುದು ಅನುಭವಿಗಳ ಮಾತು.

ನಿಕ್ಸನ್ ಮತ್ತು 'ಸಂಬಂಧ'

ಈ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಆಗ ಅಮೆರಿಕದ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ ಚೀನಾದೊಂದಿಗೆ ಸಂಬಂಧ ಸರಿಪಡಿಸಿಕೊಳ್ಳುವ, ಅಂದರೆ ಸಂಬಂಧವನ್ನು 'ನಾರ್ಮಲೈಸ್' ಮಾಡುವ ಮಾತಾಡುತ್ತಿದ್ದರು. ಅವರು ಮಾಡಬಹುದಾದರೆ ತಾವೂ ಮಾಡಬಹುದೆಂದು ಆ ಹೆಸರಿಟ್ಟೆ ಎಂಬರ್ಥದಲ್ಲಿ ಕಾಡ್ ಮುಂದೆ ಸಂದರ್ಶನವೊಂದರಲ್ಲಿ ಹೇಳಿದ್ದುಂಟು. ನಿಕ್ಸನ್ ಚೀನಾಕ್ಕೆ ಹೋದದ್ದು 1972ರಲ್ಲಿ. ಆ ಪದ ಕಾಡ್ ಅವರ ಲೇಖನದಲ್ಲಿ 1970ರಲ್ಲೇ ಇದೆ. ಆದ್ದರಿಂದ ಈ ಮಾತನ್ನು ಗಣಿತಜ್ಞರೊಬ್ಬರ ವಿನೋದವೆಂದೇ ಸವಿಯುವುದು ಮೇಲು.

ಕಾಡ್ ಅವರ ವಿಚಾರಕ್ಕೆ ಸ್ವಾಗತವೇನೂ ಕಾದಿರಲಿಲ್ಲ. ಐಎಂಎಸ್‌ನಿಂದ ಐಬಿಎಂಗೆ ಒಳ್ಳೆಯ ವರಮಾನವಿತ್ತು. ಮಾಹಿತಿಯ ದಾರಿಗಳಲ್ಲಿ ಸಂಚರಿಸುವ ಪದ್ಧತಿಯ ದೊಡ್ಡ ಪ್ರತಿಪಾದಕರಾಗಿದ್ದ ಚಾರ್ಲ್ಸ್ ಬಾಕ್‌ಮನ್, ಗಣಕ ಲೋಕದ ನೊಬೆಲ್ ಎನಿಸಿದ ಟ್ಯೂರಿಂಗ್ ಪ್ರಶಸ್ತಿಯನ್ನು 1973ರಲ್ಲಿ ಪಡೆದಿದ್ದರು. 1974ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಕಾಡ್ ಮತ್ತು ಬಾಕ್‌ಮನ್ ಮುಖಾಮುಖಿಯಾಗಿ ವಾದಿಸಿದರು. ಕೋಷ್ಟಕಗಳು ನೋಡಲು ಚೆನ್ನ, ಆದರೆ ಓಡಿಸಲು ನಿಧಾನ ಎಂಬುದು ವಿರೋಧಿಗಳ ಮುಖ್ಯ ಆಕ್ಷೇಪ.

ಆಕ್ಷೇಪಕ್ಕೆ ಉತ್ತರ ಕೊಟ್ಟದ್ದು ಮಾತಲ್ಲ, ಕೆಲಸ. ಸ್ಯಾನ್ ಹೊಸೆಯಲ್ಲೇ 'ಸಿಸ್ಟಂ ಆರ್' ಎಂಬ ಪ್ರಯೋಗ ನಡೆಯಿತು. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ 'ಇಂಗ್ರೆಸ್' ಕಟ್ಟಿದರು. ಡೊನಾಲ್ಡ್ ಚೇಂಬರ್ಲಿನ್ ಮತ್ತು ಬಾಯ್ಸ್ ರೂಪಿಸಿದ ಪ್ರಶ್ನೆ ಕೇಳುವ ಭಾಷೆಯೇ ಇಂದಿನ ಎಸ್‌ಕ್ಯೂಎಲ್. ವಿಪರ್ಯಾಸವೆಂದರೆ, ಐಬಿಎಂ ಹಿಂದೆ ಮುಂದೆ ನೋಡುತ್ತಿದ್ದಾಗ 1979ರಲ್ಲಿ ಒಂದು ಪುಟ್ಟ ಕಂಪನಿ ತನ್ನ 'ಒರೇಕಲ್' ಅನ್ನು ಮಾರುಕಟ್ಟೆಗೆ ಬಿಟ್ಟಿತು. ಐಬಿಎಂನ ಡಿಬಿ2 ಬಂದದ್ದು 1983ರಲ್ಲಿ. ಅಷ್ಟರಲ್ಲಿ, 1981ರಲ್ಲಿ, ಟ್ಯೂರಿಂಗ್ ಪ್ರಶಸ್ತಿ ಕಾಡ್ ಅವರಿಗೂ ಸಂದಿತ್ತು. 2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ ಅವರು ನಿಧನರಾದರು.

ಹಾಗೆಂದು ಇದು ಮುರಿಯಬಾರದ ವ್ರತವೇನೂ ಅಲ್ಲ. ಚೂರು ಚೂರಾದ ಕೋಷ್ಟಕಗಳನ್ನು ಮತ್ತೆ ಜೋಡಿಸಲು ಯಂತ್ರಕ್ಕೆ ಸಮಯ ಬೇಕು. ಆದ್ದರಿಂದ ವರದಿಗಳಿಗೆ, ಭಾರಿ ಜನಸಂದಣಿಯ ಜಾಲತಾಣಗಳಿಗೆ ತಿಳಿದೂ ತಿಳಿದೂ ಪ್ರತಿಗಳನ್ನು ಇಟ್ಟುಕೊಳ್ಳುವುದುಂಟು. ಆದರೆ ಮೂಲ ಯಾವುದು, ನಕಲು ಯಾವುದು ಎಂಬುದು ಅಲ್ಲಿ ಸ್ಪಷ್ಟವಾಗಿರಬೇಕು. ನಿಯಮ ಗೊತ್ತಿದ್ದು ಸಡಿಲಿಸುವುದು ಬೇರೆ, ಗೊತ್ತಿಲ್ಲದೆ ಎಡವುವುದು ಬೇರೆ.

ನಮ್ಮ ಪಹಣಿಯ ಪ್ರಶ್ನೆ

ಕರ್ನಾಟಕದ ಮಟ್ಟಿಗೆ ಈ ವಿಚಾರ ಪುಸ್ತಕದಿಂದ ಹೊಲಕ್ಕೆ ಇಳಿದದ್ದು 'ಭೂಮಿ' ಯೋಜನೆಯಲ್ಲಿ. 2000ದ ಆಸುಪಾಸಿನ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಭೂದಾಖಲೆಗಳು ಗ್ರಾಮಲೆಕ್ಕಿಗರ ವಹಿಗಳಿಂದ ಗಣಕಕ್ಕೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಶುಲ್ಕ ಕೊಟ್ಟು ಅಚ್ಚಾದ ಪಹಣಿ ಪಡೆಯುವುದು ಸಾಧ್ಯವಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡುವ, ದಾಖಲೆ ಮುಟ್ಟಿದ ಸಿಬ್ಬಂದಿಯನ್ನು ಬೆರಳಚ್ಚಿನಿಂದ ಗುರುತಿಸುವ ಏರ್ಪಾಡು ಬಂತು.

ಜಮೀನಿನ ದಾಖಲೆಯಲ್ಲಿ ಈ ಪಾಠದ ಪ್ರಶ್ನೆಗಳೆಲ್ಲ ಜೀವಂತವಾಗಿ ಎದುರಾಗುತ್ತವೆ. ಒಂದು ಸರ್ವೆ ನಂಬರಿಗೆ ಹಲವು ಮಾಲೀಕರು, ಒಬ್ಬ ಮಾಲೀಕರಿಗೆ ಹಲವು ಸರ್ವೆ ನಂಬರು. ಮಾಲೀಕರು ಒಬ್ಬರು, ಸಾಗುವಳಿ ಮಾಡುವವರು ಇನ್ನೊಬ್ಬರು. ಹೆಸರು ಜಮೀನಿಗೆ ಸೇರಿದ ಸಂಗತಿಯೋ, ಮನುಷ್ಯನಿಗೆ ಸೇರಿದ್ದೋ? ತಂದೆ ತೀರಿಕೊಂಡ ಮೇಲೆ ಬದಲಾಗಬೇಕಾದ್ದು ಯಾವ ಸಾಲು? ಇವೆಲ್ಲ ಯಾವ ಸಂಗತಿ ಯಾವುದನ್ನು ಅವಲಂಬಿಸಿದೆ ಎಂಬ ಕಾಡ್ ಅವರ ಪ್ರಶ್ನೆಗಳೇ.

ಆದರೆ ಇಲ್ಲಿ ಒಂದು ಎಚ್ಚರವೂ ಬೇಕು. ನಾರ್ಮಲೈಸೇಶನ್ ಒಂದು ಸಂಗತಿಗೆ ಒಂದೇ ಜಾಗ ಕೊಡುತ್ತದೆ. ಆ ಜಾಗದಲ್ಲಿ ಬರೆದದ್ದು ನಿಜ ಎಂದು ಹೊಣೆ ಹೊರುವುದಿಲ್ಲ. ತಪ್ಪು ಹೆಸರನ್ನು ಒಂದೇ ಒಂದು ಕಡೆ, ಅತ್ಯಂತ ಶಿಸ್ತಿನಿಂದ ಬರೆದಿಡಬಹುದು. ಮೂರು ವಹಿಗಳಿದ್ದ ಕಾಲದಲ್ಲಿ ಒಂದು ತಪ್ಪಿದರೆ ಉಳಿದೆರಡನ್ನು ತೋರಿಸಿ ವಾದಿಸುವ ಅವಕಾಶವಾದರೂ ಇತ್ತು. ಒಂದೇ ದಾಖಲೆ ಉಳಿದಾಗ ಅದೇ ಕೊನೆಯ ಮಾತಾಗುತ್ತದೆ. ಸಾಕ್ಷಿ ಹೇಳಲು ಇನ್ನೊಂದು ವಹಿ ಇರುವುದಿಲ್ಲ.

ಆದ್ದರಿಂದ ಒಂದೇ ಜಾಗದಲ್ಲಿ ಬರೆಯುವ ವ್ಯವಸ್ಥೆಗೆ ಆ ಒಂದು ಜಾಗವನ್ನು ತಿದ್ದಿಸಿಕೊಳ್ಳುವ ಸುಲಭ ದಾರಿಯೂ, ಯಾರು ಯಾವಾಗ ಏನು ತಿದ್ದಿದರು ಎಂಬ ಲೆಕ್ಕವೂ ಜೊತೆಗಿರಬೇಕು. ಅದು ಗಣಿತದ ಕೆಲಸವಲ್ಲ, ಆಡಳಿತದ ಕೆಲಸ. ಸಂಗತಿಯನ್ನು ಎಲ್ಲಿ ಬರೆಯಬೇಕು ಎಂಬುದನ್ನು ಕಾಡ್ ತೋರಿಸಿಕೊಟ್ಟರು. ಸರಿಯಾದದ್ದನ್ನು ಬರೆಯುವ ಹೊಣೆ ಬರೆಯುವ ಕೈಯದು; ಬರೆದದ್ದು ಸರಿಯಿದೆಯೇ ಎಂದು ಆಗಾಗ ನೋಡಿಕೊಳ್ಳುವ ಎಚ್ಚರ ನಮ್ಮೆಲ್ಲರದು.